ಚಳಿಗಾಲದ ಓಟ ಮತ್ತು ಶ್ರಾವಕನ ವ್ರತ

ಶರೀರವನ್ನು ದಂಡಿಸುವುದೆಲ್ಲ ತಪಸ್ಸಲ್ಲ; ಶರೀರವನ್ನು ಪೋಷಿಸುವುದೆಲ್ಲ ಭೋಗವೂ ಅಲ್ಲ. ಈ ಎರಡರ ನಡುವಣ ಗೆರೆಯನ್ನು ಗುರುತಿಸಿಕೊಳ್ಳುವುದು ಗೃಹಸ್ಥನ ಪಾಲಿಗೆ ಎಂದಿಗೂ ಸುಲಭವಾಗಿರಲಿಲ್ಲ. ಈಚಿನ ದಶಕಗಳಲ್ಲಿ ಆ ಗೆರೆ ಹೊಸದೊಂದು ಜಾಗದಲ್ಲಿ ಕಾಣಿಸಿಕೊಂಡಿದೆ. ಮುಂಬಯಿಯಲ್ಲಿ 2004ರಿಂದ ಮ್ಯಾರಥಾನ್ ಓಟವೂ ಬೆಂಗಳೂರಿನಲ್ಲಿ 2008ರಿಂದ 10 ಕಿ.ಮೀ. ಓಟವೂ ನಡೆಯುತ್ತ ಬಂದಿವೆ. ಅವುಗಳಿಂದ ಪ್ರೇರಿತರಾಗಿ ಊರೂರಿನ ತರುಣ ತರುಣಿಯರು ಮುಂಜಾನೆ ರಸ್ತೆಗಿಳಿಯುತ್ತಿದ್ದಾರೆ. ಜೈನ ಮನೆತನಗಳ ಮಕ್ಕಳೂ ಅವರಲ್ಲಿದ್ದಾರೆ. ಈ ಶ್ರಮ ಧರ್ಮಕ್ಕೆ ಸಾಧಕವೋ ಬಾಧಕವೋ ಎಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಉದಾಹರಣೆಗಾಗಿ ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯ ಮನೆಯ ತರುಣನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಜನವರಿಯ ಮೂರನೆಯ ಭಾನುವಾರ ಮುಂಬಯಿಯಲ್ಲಿ 42.195 ಕಿ.ಮೀ. ಓಡಬೇಕೆಂಬುದು ಅವನ ಸಂಕಲ್ಪ. ಅದಕ್ಕಾಗಿ ಮೂರು ನಾಲ್ಕು ತಿಂಗಳ ಸಾಧನೆ ಬೇಕು. ವಾರಕ್ಕೊಮ್ಮೆ ದೀರ್ಘ ಓಟ, ಅದನ್ನು ಕ್ರಮವಾಗಿ 30-32 ಕಿ.ಮೀ.ವರೆಗೆ ಏರಿಸುವುದು, ಕಡೆಯ ಎರಡು ಮೂರು ವಾರ ಇಳಿಸುವುದು, ಇದು ಸಾಮಾನ್ಯ ಪದ್ಧತಿ. ಬೇಲೂರಿನಿಂದ ಹಳೇಬೀಡಿಗೆ 16 ಕಿ.ಮೀ.; ಹೋಗಿ ಬಂದರೆ 32. ಹಳೇಬೀಡಿನಿಂದ ಜಾವಗಲ್, ಬಾಣಾವರಗಳ ಮೂಲಕ ಅರಸೀಕೆರೆಗೆ ಬರುವ ದಾರಿ ಸುಮಾರು 40 ಕಿ.ಮೀ. ಮಾರ್ಗಶಿರ, ಪುಷ್ಯ ಮಾಸಗಳ ಮಂಜಿನಲ್ಲಿ ಈ ದಾರಿಗಳಲ್ಲಿ ಓಡುವವನನ್ನು ಕಂಡು ಕೆಲವರು ‘ಇವನದೂ ಒಂದು ತಪಸ್ಸು’ ಎಂದು ಮೆಚ್ಚುವರು. ಕೆಲವರು ‘ವ್ಯರ್ಥ ಕಾಯಕ್ಲೇಶ’ ಎಂದು ಹಳಿಯುವರು. ಎರಡು ಮಾತುಗಳನ್ನೂ ಪರೀಕ್ಷಿಸಬೇಕು.

ಮೊದಲನೆಯದು ನಿಲ್ಲುವುದಿಲ್ಲ. ಚಳಿ, ಹಸಿವು, ಬಾಯಾರಿಕೆ, ನಡಿಗೆಯ ಆಯಾಸ ಇವೆಲ್ಲ ಇಪ್ಪತ್ತೆರಡು ಪರೀಷಹಗಳಲ್ಲಿ ಸೇರಿವೆ, ನಿಜ. ಆದರೆ ಅವನ್ನು ಏತಕ್ಕಾಗಿ ಸಹಿಸಬೇಕು ಎಂಬುದನ್ನು ತತ್ತ್ವಾರ್ಥಸೂತ್ರ ಸ್ಪಷ್ಟಪಡಿಸಿದೆ: ಮಾರ್ಗದಿಂದ ಜಾರದಿರುವುದಕ್ಕಾಗಿ ಮತ್ತು ಕರ್ಮನಿರ್ಜರೆಗಾಗಿ. ಪದಕಕ್ಕಾಗಿ ಸಹಿಸಿದ ಚಳಿ, ಸಂತೆಗೆ ಹೊರಟ ಗಾಡಿಯವನು ಸಹಿಸುವ ಚಳಿಯಂತೆಯೇ ಲೌಕಿಕವಾದುದು. ಅದು ದೋಷವಲ್ಲ; ಆದರೆ ತಪಸ್ಸೆಂಬ ಹೆಸರಿಗೆ ಅದು ಅರ್ಹವಲ್ಲ.

ಎರಡನೆಯ ಮಾತು ಹೆಚ್ಚು ಗಂಭೀರವಾದುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ, ಪ್ರಮಾದಚರ್ಯೆಯೊಳಗೆ ನಿಷ್ಪ್ರಯೋಜಕವಾಗಿ ತಾನು ಸುತ್ತುವುದನ್ನೂ ಇತರರನ್ನು ಸುತ್ತಿಸುವುದನ್ನೂ ಸೇರಿಸಿದ್ದಾರೆ. ಬೇಲೂರಿನಿಂದ ಹಳೇಬೀಡಿಗೆ ಓಡಿ, ಯಾವ ಕಾರ್ಯವನ್ನೂ ಮಾಡದೆ ಮರಳಿ ಬರುವುದು ಈ ಮಾತಿನ ವ್ಯಾಪ್ತಿಗೆ ಬಾರದೆ ಇದ್ದೀತೆ? ಆರೋಗ್ಯವೇ ಪ್ರಯೋಜನವೆಂದು ತರುಣನು ಉತ್ತರಿಸಬಹುದು. ಶರೀರವು ಧರ್ಮಸಾಧನವಾದುದರಿಂದ ಆ ಉತ್ತರಕ್ಕೆ ಬೆಲೆಯಿದೆ. ಆದರೆ ಆರೋಗ್ಯಕ್ಕೆ ದಿನಕ್ಕೊಂದು ಗಂಟೆಯ ಬಿರುನಡಿಗೆ ಸಾಕು. ಅದಕ್ಕೂ ಮೀರಿದ ಕಿಲೋಮೀಟರುಗಳಿಗೆ ಬೇರೆ ಲೆಕ್ಕ ಕೊಡಬೇಕಾಗುತ್ತದೆ.

ಪ್ರಯೋಜನವು ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯವರು 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿ, 2 ಗಂಟೆ 50 ನಿಮಿಷಗಳಲ್ಲಿ ಮುಗಿಸಿ 19ನೆಯವರಾದರು. ಪುಣೆಯ ಡೆಕ್ಕನ್ ಜಿಮಖಾನದ ಕ್ರೀಡೆಗಳಲ್ಲಿ ಬರಿಗಾಲಿನ ಓಟಗಾರರನ್ನು ಕಂಡ ದೊರಾಬ್ಜಿ ಟಾಟಾ ಅವರ ಉತ್ಸಾಹದಿಂದ ಆ ತಂಡ ಹೊರಟಿತ್ತು. ಪದಕ ದೊರೆಯಲಿಲ್ಲ, ಆದರೂ ಪರಾಧೀನ ದೇಶದ ಜನರಿಗೆ ಜಗತ್ತಿನ ಕಣದಲ್ಲಿ ಒಂದು ಸ್ಥಾನ ದೊರೆಯಿತು. ಅಂಥ ಓಟಕ್ಕೆ ಸಾರ್ವಜನಿಕವಾದ ಅರ್ಥವಿದೆ. ಇಂದಿನ ಸಾವಿರಾರು ಹವ್ಯಾಸಿಗಳು ತಮ್ಮ ಓಟದ ಅರ್ಥವನ್ನು ತಮ್ಮ ನಡತೆಯಲ್ಲಿಯೇ ತೋರಿಸಬೇಕು. ನಾಲಿಗೆಯ ಹತೋಟಿ, ನಿದ್ರೆಯ ನಿಯಮ, ದುಶ್ಚಟಗಳ ತ್ಯಾಗ, ಚಿತ್ತದ ಸ್ಥಿರತೆ ಇವು ಬಂದಿದ್ದರೆ ಜಮಾ ಕಡೆಯಲ್ಲಿ ಬರೆದುಕೊಳ್ಳಬಹುದು. ಬಾರದಿದ್ದರೆ ಉಳಿಯುವುದು ಖರ್ಚೊಂದೇ.

ಖರ್ಚಿನ ಬಾಬಿನಲ್ಲಿ ಮೊದಲನೆಯದು ಹಿಂಸೆ. ಮುನಿಗಳು ಈರ್ಯಾಸಮಿತಿಯನ್ನು ಪಾಲಿಸಿ, ಹಗಲಿನಲ್ಲಿ, ಜನ ತುಳಿದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆಯಿಡುತ್ತಾರೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಓಡುವವನಿಗೆ ಅದೇ ನಾಲ್ಕು ಮೊಳ ನೆಲ ಒಂದು ಸೆಕೆಂಡು ತುಂಬುವ ಮೊದಲೇ ಕಾಲ ಕೆಳಗೆ ಬಂದಿರುತ್ತದೆ. ಗೃಹಸ್ಥನಿಗೆ ಸಂಕಲ್ಪಹಿಂಸೆಯ ತ್ಯಾಗವಷ್ಟೇ ವಿಧಿತ, ಆರಂಭಹಿಂಸೆ ಅನಿವಾರ್ಯ ಎಂಬುದು ಸರಿ. ಆದರೆ ಆ ವಿನಾಯಿತಿ ಇರುವುದು ಒಲೆ, ಕೃಷಿ, ಉದ್ಯೋಗಗಳ ಅನಿವಾರ್ಯತೆಗಾಗಿ. ಓಟವು ಅನಿವಾರ್ಯವಲ್ಲ, ತಾನಾಗಿ ಆರಿಸಿಕೊಂಡದ್ದು. ಆರಿಸಿಕೊಂಡ ಕಾರ್ಯದಲ್ಲಿ ಎಚ್ಚರಿಕೆಯ ಹೊಣೆ ಹೆಚ್ಚುತ್ತದೆ. ಪ್ರಮಾದವೇ ಹಿಂಸೆಯ ಮೂಲವೆಂದ ಮೇಲೆ, ಬೆಳಗಿನ ನಾಲ್ಕೂವರೆಯ ಕತ್ತಲಲ್ಲಿ ನೆಲ ಕಾಣದೆ ಓಡುವುದನ್ನು ಸಮರ್ಥಿಸುವುದು ಕಷ್ಟ.

ಎರಡನೆಯ ಬಾಬು ಆಹಾರ. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಸಂಗ್ರಹವಾಗಿರುವ ಗ್ಲೈಕೋಜನ್ ಎಂಬ ಶಕ್ತಿ ಹೆಚ್ಚಿನವರಿಗೆ ಸುಮಾರು 30 ಕಿ.ಮೀ. ಹೊತ್ತಿಗೆ ಬರಿದಾಗುತ್ತ ಬರುತ್ತದೆ. ಆದುದರಿಂದ ಓಟಕ್ಕೆ ಮುಂಚೆ ಒಂದಿಷ್ಟು ತಿನ್ನಬೇಕು, ನಡುವೆಯೂ ಸೇವಿಸಬೇಕು ಎಂದು ತರಬೇತುದಾರರು ಹೇಳುತ್ತಾರೆ. ಸೂರ್ಯೋದಯಕ್ಕೆ ಮೊದಲು ತಿಂದರೆ ಅದು ರಾತ್ರಿಭೋಜನವೇ. ನಡುವೆ ಸೇವಿಸುವ ಸಿದ್ಧ ಪದಾರ್ಥಗಳಲ್ಲಿ ಕೆಲವಕ್ಕೆ ಜೇನು ಬೆರೆತಿರುತ್ತದೆ, ಕೆಲವಕ್ಕೆ ಪ್ರಾಣಿಜನ್ಯ ಜೆಲಟಿನ್. ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದದವನು ಓಟದ ಹೆಸರಿನಲ್ಲಿ ಮನೆಯ ಆಚಾರವನ್ನು ಕಳೆದುಕೊಳ್ಳುತ್ತಾನೆ.

ಇಲ್ಲಿ ಚಳಿಗಾಲವೇ ಶ್ರಾವಕನಿಗೆ ನೆರವಾಗುತ್ತದೆ. ಬೇಸಗೆಯಲ್ಲಿ ಬಿಸಿಲಿಗೆ ಅಂಜಿ ಓಟಗಾರರು ಕತ್ತಲಲ್ಲೇ ಹೊರಡಬೇಕು. ಮಳೆಗಾಲದಲ್ಲಿ ದಾರಿಯೆಲ್ಲ ಜೀವರಾಶಿ. ಮುನಿಗಳೇ ವಿಹಾರವನ್ನು ನಿಲ್ಲಿಸಿ ಚಾತುರ್ಮಾಸದಲ್ಲಿ ಒಂದೆಡೆ ನೆಲೆಸುತ್ತಾರೆ. ಕಾರ್ತಿಕದಲ್ಲಿ ಚಾತುರ್ಮಾಸ ಮುಗಿದು ವಿಹಾರ ಮತ್ತೆ ಆರಂಭವಾಗುವ ಕಾಲವೇ ದೀರ್ಘ ಓಟದ ಸಾಧನೆಗೂ ಅನುಕೂಲವಾದುದು. ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿರುವ ಈ ಸೀಮೆಯಲ್ಲಿ ಜನವರಿಯ ಮುಂಜಾನೆಯ ತಂಪು ಬಿಸಿಲೇರಿದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ಆಗ ಸೂರ್ಯೋದಯ ಸುಮಾರು 6.45ಕ್ಕೆ. ಹಿಂದಿನ ದಿನ ಸೂರ್ಯಾಸ್ತಕ್ಕೆ ಮುಂಚೆ ಚೆನ್ನಾಗಿ ಉಂಡು, ಬೆಳಕು ಹರಿದ ಮೇಲೆ ಹೊರಟು, ಸೂರ್ಯೋದಯದ ಎರಡು ಘಳಿಗೆ ಅಂದರೆ 48 ನಿಮಿಷ ಕಳೆದ ಬಳಿಕ, ಜೊತೆಗೆ ತಂದ ಬೆಲ್ಲವನ್ನೋ ಬಾಳೆಹಣ್ಣನ್ನೋ ಸೋಸಿದ ನೀರಿನೊಡನೆ ತೆಗೆದುಕೊಂಡರೆ 32 ಕಿ.ಮೀ. ಓಟಕ್ಕೂ ವ್ರತಭಂಗದ ಅಗತ್ಯವಿಲ್ಲ.

ನಿಜವಾದ ಪರೀಕ್ಷೆ ಬರುವುದು ಸ್ಪರ್ಧೆಯ ದಿನ. ಮುಂಬಯಿಯ ಪೂರ್ಣ ಮ್ಯಾರಥಾನ್ ಹೊರಡುವುದು ಸೂರ್ಯೋದಯಕ್ಕೆ ಬಹಳ ಮುಂಚೆ, ಕತ್ತಲಲ್ಲಿ. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಸುಮಾರು 7.15ಕ್ಕೆ. ನಿಯಮ ಪಾಲಿಸುವವನು ಎಂಟು ಗಂಟೆಯವರೆಗೆ ಏನನ್ನೂ ಸೇವಿಸದೆ ಓಡಬೇಕು. ನೀರನ್ನೂ ಬಿಟ್ಟವನಿಗೆ ಅದು ಅಪಾಯಕರ. ‘ಒಂದು ದಿನದ ಮಟ್ಟಿಗೆ ಪರವಾಗಿಲ್ಲ’ ಎಂಬ ಸಮಾಧಾನ ಅಲ್ಲಿ ಹುಟ್ಟುತ್ತದೆ. ಒಂದು ದಿನದ ಮಟ್ಟಿಗೆ ತೂಕದ ಕಲ್ಲನ್ನು ಬದಲಿಸಿದ ಅಂಗಡಿಗೆ ಮರುದಿನ ಯಾವ ಕಲ್ಲಿನಲ್ಲಿ ತೂಗಬೇಕೆಂಬುದು ಪ್ರಶ್ನೆಯಾಗುತ್ತದೆ. ವ್ರತವನ್ನು ಸ್ವೀಕರಿಸಿದವನು ಸ್ಪರ್ಧೆಯನ್ನು ಬಿಡಬೇಕು, ಇಲ್ಲವೆ ಹಗಲಿನಲ್ಲಿ ನಡೆಯುವ ಚಿಕ್ಕ ಓಟವನ್ನು ಆರಿಸಿಕೊಳ್ಳಬೇಕು. ನಾಲ್ಕು ತಿಂಗಳು ಸಾಧನೆ ಮಾಡಿ, ಕಡೆಯ ದಿನ ವ್ರತಕ್ಕಾಗಿ ಹಿಂದೆ ಸರಿಯಬಲ್ಲವನಲ್ಲಿ ಮಾತ್ರ ಆ ಶ್ರಮಕ್ಕೆ ತಪಸ್ಸಿನ ಸೋಂಕು ತಗಲಿತೆನ್ನಬಹುದು.

ಆದರೆ ಈ ಮಾತನ್ನು ತರುಣರಿಗೆ ಹೇಳುವ ಹಿರಿಯರು ತಮ್ಮ ನಡೆಯನ್ನೂ ನೋಡಿಕೊಳ್ಳಬೇಕು. ರಾತ್ರಿ ಒಂಬತ್ತರ ಆರತಕ್ಷತೆಯಲ್ಲಿ ಪಂಕ್ತಿಗೆ ಕುಳಿತು, ನಡುರಾತ್ರಿ ಕಾರಿನಲ್ಲಿ ಊರು ಸೇರುವವರು, ದೀಪದ ಬೆಳಕಿಗೆ ಮುತ್ತಿ ಗಾಜಿಗೆ ಬಡಿದು ಸತ್ತ ಹುಳುಗಳನ್ನು ಬೆಳಿಗ್ಗೆ ಒರೆಸಿ ಹಾಕುವವರು, ಓಡುವ ಹುಡುಗನಿಗೆ ಅಹಿಂಸೆಯನ್ನು ಬೋಧಿಸಿದರೆ ಆ ಬೋಧೆ ಹತ್ತುವುದಿಲ್ಲ. ನಿಯಮ ಓಟಗಾರನಿಗೊಂದು, ಔತಣಕ್ಕೊಂದು ಆಗಲಾರದು.

ಮೂರನೆಯ ಬಾಬು ಕಣ್ಣಿಗೆ ಕಾಣದ್ದು, ಮದ. ಶಾಸ್ತ್ರೋಕ್ತವಾದ ಎಂಟು ಮದಗಳಲ್ಲಿ ಬಲಮದ, ಶರೀರಮದ, ತಪೋಮದ ಈ ಮೂರು ಓಟಗಾರನ ಬಾಗಿಲಲ್ಲೇ ಕಾದಿರುತ್ತವೆ. ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪದೇವನು ತಂದೆ ಗಂಗರಾಜನ ನೆನಪಿಗಾಗಿ ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದ ತಲುಪಿದಾಗ ವಿಷ್ಣುವರ್ಧನನಿಗೆ ಯುದ್ಧದ ಜಯವೂ ಪುತ್ರಜನನವೂ ಒದಗಿದ್ದವು. ಅವನು ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟನು. ರಣದಲ್ಲಿ ಗೆದ್ದ ಅರಸನು ತನ್ನ ಜಯದ ಹೆಸರನ್ನು, ಯಾರನ್ನೂ ಸೋಲಿಸದೆ ತನ್ನನ್ನು ಗೆದ್ದ ಜಿನನಿಗೆ ಅರ್ಪಿಸಿದ್ದು ಅರ್ಥಪೂರ್ಣವಾಗಿದೆ. ಓಟಗಾರನ ಜಯಕ್ಕೂ ಅದೇ ಸರಿಯಾದ ಜಾಗ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕರ್ತವ್ಯವಿದೆ. ಸುತ್ತುವುದರ ಜೊತೆಗೆ ಸುತ್ತಿಸುವುದನ್ನೂ ಆಚಾರ್ಯರು ದೋಷವೆಂದು ಎಣಿಸಿದ್ದರಿಂದ, ಓಟವನ್ನು ಏರ್ಪಡಿಸುವವರ ಹೊಣೆ ಓಡುವವರದಕ್ಕಿಂತ ಕಡಿಮೆಯಲ್ಲ. ಯುವಜನರಿಗಾಗಿ ಓಟವನ್ನೋ ನಡಿಗೆಯನ್ನೋ ಏರ್ಪಡಿಸುವುದಾದರೆ ಅದು ಚಳಿಗಾಲದಲ್ಲಿರಲಿ, ಸೂರ್ಯೋದಯವಾದ ಮೇಲೆ ಹೊರಡಲಿ. ಸೋಸಿದ ನೀರು, ಶುದ್ಧಾಹಾರ ಇರಲಿ. ಬಹುಮಾನದ ಆಡಂಬರ ಇಲ್ಲದಿರಲಿ. ಹಳೇಬೀಡಿನ ಬಸದಿಗಳಿಂದ ಹೊರಟು, ವೀರಬಲ್ಲಾಳನ ಕಾಲದಲ್ಲಿ ರೇಚರಸನು 1220ರಲ್ಲಿ ಕಟ್ಟಿಸಿದ ಅರಸೀಕೆರೆಯ ಸಹಸ್ರಕೂಟ ಜಿನಾಲಯವನ್ನು ಎರಡು ಮೂರು ಹಗಲುಗಳಲ್ಲಿ ನಡೆದು ತಲುಪಿದರೆ, ಆ ಸುತ್ತಾಟಕ್ಕೆ ಪ್ರಯೋಜನವಿಲ್ಲವೆಂದು ಯಾರೂ ಹೇಳಲಾರರು.

ಓಡುವುದು ಪಾಪವಲ್ಲ, ಪುಣ್ಯವೂ ಅಲ್ಲ. ಎಷ್ಟು ದೂರ, ಎಷ್ಟು ಹೊತ್ತಿನಲ್ಲಿ ಎಂಬುದನ್ನು ಗಡಿಯಾರ ಹೇಳುತ್ತದೆ. ಏತಕ್ಕಾಗಿ, ಯಾವ ಎಚ್ಚರಿಕೆಯಿಂದ, ಏನನ್ನು ಬಿಟ್ಟುಕೊಡದೆ ಎಂಬ ಮೂರು ಪ್ರಶ್ನೆಗಳಿಗೆ ಓಟಗಾರನೇ ಸಾಮಾಯಿಕದ ಹೊತ್ತಿನಲ್ಲಿ ಉತ್ತರ ಹೇಳಿಕೊಳ್ಳಬೇಕು.