ಹಳೇ ಮುದ್ರೆ, ಹೊಸ ದೊರೆ

ಹೈದರಾಲಿ ಚಿನ್ನದ ವರಹ ಟಂಕಿಸಿದಾಗ ಅದರ ಮೇಲಿದ್ದ ಶಿವ-ಪಾರ್ವತಿಯರನ್ನು ಹಾಗೇ ಉಳಿಸಿಕೊಂಡ. ವಿಜಯನಗರದ ಅರಸರ ಕಾಲದಿಂದ ಇಕ್ಕೇರಿ ನಾಯಕರ ಕೈಗೆ ದಾಟಿದ್ದ ಚಿತ್ರ ಅದು. 1763ರಲ್ಲಿ ಬಿದನೂರು ಗೆದ್ದ ಹೈದರ್ ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಪಾರಸಿಯಲ್ಲಿ ಒತ್ತಿಸಿದ, ಅಷ್ಟೆ.

ಇದು ಔದಾರ್ಯವೋ, ಚಾಲಾಕಿತನವೋ? ಈಗಿನ ಜಗಳಗಳನ್ನು ತಲೆಯಲ್ಲಿಟ್ಟುಕೊಂಡು ಓದುವವರು ತಮಗೆ ಬೇಕಾದ್ದನ್ನು ಆರಿಸಿಕೊಳ್ತಾರೆ. ನನಗೆ ಅನ್ನಿಸೋದು ಬೇರೆ. ಮೆಣಸು, ಅಕ್ಕಿ ಮಾರುವವನಿಗೆ ಆ ಚಿತ್ರ ಅಂದ್ರೆ ಇಷ್ಟು ತೂಕದ ಚಿನ್ನ ಅಂತ ಒಂದು ಮಾತು. ಹಳೇ ಚಿತ್ರ ಇಟ್ಟುಕೊಂಡವನು ಹಳೇ ಮಾತಿಗೂ ಜವಾಬ್ದಾರ. ಚಿತ್ರ ಅದೇ ಇದ್ದು ಚಿನ್ನ ಕಮ್ಮಿಯಾಗಿದ್ದರೆ ಆಗ ಅದು ಮೋಸ.

ಇದರ ತಿರುಗುಮುರುಗು ಪ್ರಸಂಗವೂ ಉಂಟು. ಟಿಪ್ಪುವಿನ ತಾಮ್ರದ ಕಾಸಿನ ಮೇಲೆ ಆನೆ ಇತ್ತು. 1799ರಲ್ಲಿ ಅವನು ಸತ್ತ, ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು, ಆದರೆ ಆನೆ ಕದಲಲಿಲ್ಲ! ಮೇಲೆ ಸೂರ್ಯ-ಚಂದ್ರರು ಸೇರಿಕೊಂಡರು. ಆ ಸೂರ್ಯ-ಚಂದ್ರರಾದರೂ ಹೊಸಬರೇ? ನಮ್ಮ ದಾನಶಾಸನಗಳ, ವೀರಗಲ್ಲುಗಳ ನೆತ್ತಿಯ ಮೇಲೆ ನೂರಾರು ವರ್ಷದಿಂದ ಕೂತವರು. ಅವರಿರುವ ತನಕ ಈ ದಾನ ನಡೆಯಲಿ, ಈ ಹೆಸರು ಉಳಿಯಲಿ ಅನ್ನೋದಕ್ಕೆ ಸಾಕ್ಷಿ. ಕಲ್ಲಿನ ಮೇಲಿನ ಸಾಕ್ಷಿ ಕಾಸಿನ ಮೇಲೆ ಬಂದು ಕೂತಿತು.

ಗಣರಾಜ್ಯವೂ ಹೀಗೇ ಮಾಡಿತು. 1950ರ ನಾಣ್ಯಗಳಲ್ಲಿ ಆರನೇ ಜಾರ್ಜ್ ದೊರೆಯ ತಲೆ ಇದ್ದ ಜಾಗಕ್ಕೆ ಸಾರನಾಥದ ಸಿಂಹಗಳು ಬಂದವು. ಅದೇ ಕಂಬದ ಪೀಠದಿಂದ ಕುದುರೆ ಇಳಿದು ಒಂದು ಪೈಸೆಗೆ ಬಂತು, ಬಸವ ಒಂದಾಣೆಗೆ. ಬುದ್ಧ ಮೊದಲ ಉಪದೇಶ ಕೊಟ್ಟ ಜಾಗದಲ್ಲಿ ನಿಲ್ಲಿಸಿದ ಕಂಬ ಅದು. ಸಿಂಹಗಳ ಮೇಲೊಂದು ದೊಡ್ಡ ಧರ್ಮಚಕ್ರ ಇತ್ತು. ಅದು ಒಡೆದು ಚೂರಾಗಿ ಸಿಕ್ಕಿತು. ನಾವು ಲಾಂಛನಕ್ಕೆ ತೆಗೆದುಕೊಂಡಿದ್ದು ಚಕ್ರ ಹೊರುತ್ತಿದ್ದ ಸಿಂಹಗಳನ್ನು, ತಲೆಯ ಮೇಲಿನ ಹೊರೆ ಇಲ್ಲದೆ. ಪೀಠದಲ್ಲಿ ಚಿಕ್ಕ ಚಕ್ರ ಇದೆ, ನಿಜ. ಆದರೂ ನನಗೆ ಈ ವಿಷಯ ಕಸಿವಿಸಿ ಮಾಡುತ್ತೆ.

ಒಂದಾಣೆಯ ಬಸವ ಹೋಗಿ ಎಷ್ಟೋ ಕಾಲದ ಮೇಲೆ, 2006ರಲ್ಲಿ, ಇನ್ನೊಬ್ಬ ಬಸವ ಬಂದ. ಬಸವೇಶ್ವರರ ಸ್ಮರಣಾರ್ಥ 5 ರೂಪಾಯಿ ನಾಣ್ಯ. ಒಂದು ಕಡೆ ಚಕ್ರವರ್ತಿಯ ಸಿಂಹ, ಇನ್ನೊಂದು ಕಡೆ ಹನ್ನೆರಡನೇ ಶತಮಾನದ ಶರಣ. ಬಸವೇಶ್ವರನಗರದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಅದನ್ನು ದೇವರ ಗೂಡಿನಲ್ಲಿಟ್ಟಿದ್ದಾರೆ. "ಅದನ್ನ ಖರ್ಚು ಮಾಡೋಕಾಗುತ್ತೇನ್ರೀ?" ಅಂತಾರೆ. ನನಗೂ ಒಂದು ಸಿಕ್ಕಿತ್ತು, ಸೊಪ್ಪಿನವಳಿಗೆ ಕೊಟ್ಟೆ. ಅವಳು ನೋಡಲೂ ಇಲ್ಲ, ಗೋಣಿತಾಟಿನ ಅಡಿಗೆ ತಳ್ಳಿದಳು. ಅಜ್ಜಿಗೆ ಬೇಜಾರಾಯ್ತು.

ಸ್ಥಾವರವನ್ನು ಒಪ್ಪದವನನ್ನು ಲೋಹದಲ್ಲಿ ಅಚ್ಚು ಹಾಕೋದು ಸರಿಯೇ ಅನ್ನೋ ಪ್ರಶ್ನೆ ಇದ್ದೇ ಇದೆ. ಅದೂ ಅವನ ಕಾಲದ ಚಿತ್ರ ಒಂದೂ ಇಲ್ಲದಿರುವಾಗ, ನಮ್ಮ ಕ್ಯಾಲೆಂಡರುಗಳು ಕಲಿಸಿದ ಮುಖವನ್ನು. ಆದರೆ ಬಸವಣ್ಣ ದುಡ್ಡಿನಿಂದ ದೂರ ಓಡಿದವನಲ್ಲ. ಬಿಜ್ಜಳನ ಭಂಡಾರಿ. ಬೊಕ್ಕಸದ ಹಣ ಜಂಗಮರಿಗೆ ಸುರಿದನೆಂದು ದೂರು ಬಂದಾಗ ಎಣಿಸಿ ನೋಡಿದರೆ ಲೆಕ್ಕ ಸರಿಯಿತ್ತು ಅನ್ನೋ ಕಥೆ ಪುರಾಣಗಳಲ್ಲಿದೆ. ಪವಾಡದ ಭಾಗ ಬಿಡಿ. ಎಣಿಸೋಕೆ ಬಂದವರ ಮುಂದೆ ಅವನು ಪೆಟ್ಟಿಗೆ ತೆರೆದನಲ್ಲ, ಅದು ನನಗೆ ಮುಖ್ಯ. ಅವನ ಮುಖವನ್ನು ಎರವಲು ಪಡೆದ ಸರ್ಕಾರಗಳು, ಜಯಂತಿ ಮಾಡುವ ಸಂಘಗಳು, ನಮ್ಮ ಬಡಾವಣೆಯ ಸಮಿತಿಗಳೂ ಸೇರಿ, ಲೆಕ್ಕ ಕೇಳಿದವರಿಗೆ ಪೆಟ್ಟಿಗೆ ತೆರೆದು ತೋರಿಸುತ್ತವೆಯೇ? ಹೈದರನ ವರಹವನ್ನಾದರೂ ತಕ್ಕಡಿಗೆ ಹಾಕಿ ನೋಡಬಹುದಿತ್ತು.