ಚಿತ್ರದಲ್ಲಿ ಕಾಣದ ಮನುಷ್ಯ

ಮನುಷ್ಯನ ಕಣ್ಣಿಗೆ ಆಕಾಶ ಎಂದೂ ಹಳತಾಗುವುದಿಲ್ಲ. ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ 1996ರಿಂದ, ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ, ನಡೆದುಬಂದಿರುವ 'ಏರೋ ಇಂಡಿಯಾ' ವೈಮಾನಿಕ ಪ್ರದರ್ಶನಕ್ಕೆ ಸೇರುವ ಜನಸಾಗರವೇ ಇದಕ್ಕೆ ಸಾಕ್ಷಿ. ಆ ಜನರು ಕತ್ತೆತ್ತಿ ಕಾಯುವುದು ಮುಖ್ಯವಾಗಿ ಭಾರತೀಯ ವಾಯುಪಡೆಯ 'ಸೂರ್ಯಕಿರಣ' ತಂಡಕ್ಕಾಗಿ. 1996ರಲ್ಲಿ ರೂಪುಗೊಂಡ ಈ ತಂಡದ ನೆಲೆ ನಮ್ಮ ಬೀದರ್. ಮೊದಲು ಕಿರಣ್ ವಿಮಾನಗಳಲ್ಲಿ ಹಾರುತ್ತಿದ್ದ ತಂಡ ಈಗ ಹಾಕ್ ತರಬೇತಿ ವಿಮಾನಗಳಲ್ಲಿ ಹಾರುತ್ತಿದೆ. ಕೆಂಪು ಬಿಳಿ ಬಣ್ಣದ ಒಂಬತ್ತು ವಿಮಾನಗಳು ರೆಕ್ಕೆಗೆ ರೆಕ್ಕೆ ಹೊಂದಿಸಿಕೊಂಡು ಬಂದೊಡನೆ ಸಾವಿರಾರು ಕ್ಯಾಮೆರಾಗಳೂ ಮೊಬೈಲ್ ಫೋನುಗಳೂ ಒಮ್ಮೆಲೇ ಮೇಲೇಳುತ್ತವೆ. ಹೀಗೆ ಸೆರೆಹಿಡಿಯುವ ಕಣ್ಣಿಗೂ ಒಂದು ನೀತಿ ಇದೆಯೇ? ಇದ್ದರೆ ಅದು ಯಾವುದು?

ಈ ಛಾಯಾಗ್ರಹಣ ಸುಲಭದ ಕೆಲಸವಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಜೆಟ್ ವಿಮಾನ ಸ್ಫುಟವಾಗಿ ಮೂಡಬೇಕಾದರೆ ಕ್ಯಾಮೆರಾದ ಷಟರ್ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ, ಅಥವಾ ಅದಕ್ಕಿಂತಲೂ ಕಡಿಮೆ ಕಾಲ ತೆರೆದಿರಬೇಕು. ಅದೇ ವೇಗವನ್ನು ವಾಯುಪಡೆಯ 'ಸಾರಂಗ್' ತಂಡದ ಹೆಲಿಕಾಪ್ಟರಿಗೆ ಬಳಸಿದರೆ, ತಿರುಗುವ ರೆಕ್ಕೆಗಳು ನಿಂತಂತೆ ಕಂಡು, ಗೊಂಬೆಯೊಂದನ್ನು ದಾರದಲ್ಲಿ ತೂಗುಹಾಕಿದಂತಾಗುತ್ತದೆ. ಅಲ್ಲಿ ಷಟರನ್ನು ನಿಧಾನಗೊಳಿಸಿ, ಹಾರಾಟದ ಜೊತೆಜೊತೆಗೇ ಕ್ಯಾಮೆರಾವನ್ನು ತಿರುಗಿಸುತ್ತ ಹೋಗಬೇಕು. ಹೊಳೆಯುವ ಆಕಾಶವನ್ನು ನೋಡಿ ಬೆಳಕನ್ನು ಅಳೆದರೆ ವಿಮಾನ ಬರಿಯ ಕಪ್ಪು ನೆರಳಾಗುತ್ತದೆ. ಇಷ್ಟೆಲ್ಲ ತಾಳ್ಮೆಯಿಂದ ಕಲಿತವನು ಆ ಕೌಶಲಕ್ಕೆ ಗೌರವವನ್ನೇ ಸಲ್ಲಿಸುತ್ತಾನೆ. ಹೊಗೆಯಿಂದ ಬಿಡಿಸಿದ ಚಿತ್ರ ಗಾಳಿಯಲ್ಲಿ ಬೇಗನೆ ಕರಗಿಹೋಗುತ್ತದೆ. ಛಾಯಾಚಿತ್ರ ಅದನ್ನು ಉಳಿಸಿಕೊಡುತ್ತದೆ.

ಆದರೆ ಎಲ್ಲ ಛಾಯಾಗ್ರಾಹಕರೂ ಹಂಬಲಿಸುವ ಒಂದು ಚಿತ್ರವಿದೆ. ಎರಡು ವಿಮಾನಗಳು ಎದುರುಬದುರಾಗಿ ಧಾವಿಸಿ ಬಂದು ಒಂದನ್ನೊಂದು ಹಾದುಹೋಗುವ ಗಳಿಗೆ ಅದು. ನಿಜಕ್ಕೂ ಆ ಎರಡರ ನಡುವೆ ಲೆಕ್ಕಹಾಕಿ ಇರಿಸಿದ ಅಂತರವಿರುತ್ತದೆ. ಒಂದು ಪಕ್ಕದಲ್ಲಿ ನಿಂತು ನೋಡುವ ನಮಗೆ ಆ ಅಂತರ ತಿಳಿಯದು. ದೂರವನ್ನು ಹತ್ತಿರ ಮಾಡುವ ಮಸೂರ ಅದನ್ನು ಮತ್ತಷ್ಟು ಅಳಿಸಿಬಿಡುತ್ತದೆ. ಚಿತ್ರದಲ್ಲಿ ಅವು ಡಿಕ್ಕಿ ಹೊಡೆದಂತೆಯೇ ಕಾಣುತ್ತವೆ. 'ಅಬ್ಬಾ!' ಎಂದು ನಾವು ಬೆರಗಾಗುತ್ತೇವೆ.

ಇರುವ ಅಪಾಯವಾದರೋ ಕಾಣುವುದೇ ಇಲ್ಲ. ಒಂಬತ್ತು ವಿಮಾನಗಳು ಕೆಲವೇ ಮೀಟರುಗಳ ಅಂತರದಲ್ಲಿ ಒಟ್ಟಾಗಿ ಹಾರುವಾಗ, ನಾಯಕನ ಹೊರತು ಉಳಿದ ಪೈಲಟರು ನೆಲವನ್ನಾಗಲಿ ಜನರನ್ನಾಗಲಿ ನೋಡುತ್ತ ಹಾರುವಂತಿಲ್ಲ. ಅವರ ದೃಷ್ಟಿಯೆಲ್ಲ ತಮ್ಮ ಪಕ್ಕದ, ಮುಂದಿನ ವಿಮಾನದ ಮೇಲೆ. ಸಂಗಾತಿಯ ಮೇಲಿನ ಭರವಸೆಯೇ ಅವರ ದಾರಿ. ಆಕಾಶದಲ್ಲಿ ತಾವು ಬಿಡಿಸುತ್ತಿರುವ ಚಿತ್ರವನ್ನು ಅವರಲ್ಲಿ ಯಾರೂ ಪೂರ್ಣವಾಗಿ ಕಾಣರು. ಅದನ್ನು ಕಾಣುವವರು ನಾವು. ನಮ್ಮ ಚಿತ್ರದಲ್ಲಾದರೋ ವಿಮಾನವಿದೆ, ಹೊಗೆಯಿದೆ, ನೀಲಿ ಆಕಾಶವಿದೆ. ಮನುಷ್ಯನೊಬ್ಬನೇ ಇಲ್ಲ.

2019ರ ಫೆಬ್ರವರಿ 19ರಂದು, ಏರೋ ಇಂಡಿಯಾದ ಉದ್ಘಾಟನೆಯ ಮುನ್ನಾದಿನ, ಯಲಹಂಕದಲ್ಲಿ ತಾಲೀಮು ನಡೆಸುತ್ತಿದ್ದ ಸೂರ್ಯಕಿರಣದ ಎರಡು ವಿಮಾನಗಳು ಒಂದಕ್ಕೊಂದು ತಾಗಿ ನೆಲಕ್ಕುರುಳಿದವು. ಇಬ್ಬರು ಪೈಲಟರು ಹೊರಚಿಮ್ಮಿ ಬದುಕುಳಿದರು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಪ್ರಾಣ ತೆತ್ತರು. ವಿಮಾನಗಳು ಬೀಳುವ ದೃಶ್ಯ ಮೊಬೈಲ್ ಫೋನುಗಳಲ್ಲಿ ಸೆರೆಯಾಗಿ, ಕೈಯಿಂದ ಕೈಗೆ ಹರಡಿತು. ಚಿತ್ರದಲ್ಲಿ ಕಾಣದೆ ಇದ್ದ ಮನುಷ್ಯ ಆ ದಿನ ಒಂದು ಹೆಸರಾಗಿ, ಒಂದು ಮನೆಯ ದುಃಖವಾಗಿ ನಮ್ಮೆದುರು ನಿಂತ.

ಹಾಗಾದರೆ ಅಂಥ ಗಳಿಗೆಯಲ್ಲಿ ಕ್ಯಾಮೆರಾ ಹಿಡಿದವನು ಕೈ ಇಳಿಸಬೇಕಿತ್ತೇ? ಅಷ್ಟು ಸುಲಭವಾಗಿ ಹಾಗೆನ್ನಲಾಗದು. ಕಣ್ಣಮುಂದೆ ನಡೆದುದಕ್ಕೆ ಸಾಕ್ಷಿಯಾಗುವುದೂ ಒಂದು ಕರ್ತವ್ಯ. 1988ರ ಆಗಸ್ಟ್ 28ರಂದು ಅಂದಿನ ಪಶ್ಚಿಮ ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ, ಹೊಗೆಯಿಂದ ಹೃದಯದ ಆಕೃತಿ ಬಿಡಿಸುತ್ತಿದ್ದ ಇಟಲಿಯ ತಂಡದ ಮೂರು ವಿಮಾನಗಳು ಡಿಕ್ಕಿಯಾಗಿ, ಒಂದು ಜನರ ನಡುವೆ ಬಿತ್ತು. ಮೂವರು ಪೈಲಟರೂ ಸೇರಿ 70 ಮಂದಿ ಸತ್ತರು. ಆ ಬಳಿಕ ಹಲವು ದೇಶಗಳು ಪ್ರೇಕ್ಷಕರ ಸುರಕ್ಷತೆಯ ನಿಯಮಗಳನ್ನು ಬಿಗಿಗೊಳಿಸಿದವು. ತಪ್ಪು ಎಲ್ಲಿ ನಡೆಯಿತೆಂದು ಅರಿಯಲು ಚಿತ್ರಗಳು ತನಿಖೆ ಮಾಡುವವರಿಗೆ ನೆರವಾಗಬಲ್ಲವು. ಆದುದರಿಂದ ಚಿತ್ರ ತೆಗೆದುದೇ ತಪ್ಪಲ್ಲ. ಅದನ್ನು ಯಾರಿಗೆ ಕೊಟ್ಟೆವು, ಯಾವ ಮನಸ್ಸಿನಿಂದ ಕೊಟ್ಟೆವು ಎಂಬುದು ಪ್ರಶ್ನೆ. ತನಿಖೆಯವರ ಕೈಗೆ ಒಪ್ಪಿಸಿದ ಚಿತ್ರ ಸಾಕ್ಷ್ಯವಾಗುತ್ತದೆ. ಹೆತ್ತವರಿಗೆ ಸುದ್ದಿ ಮುಟ್ಟುವ ಮುನ್ನವೇ ನೆಂಟರಿಷ್ಟರಿಗೆಲ್ಲ ಕಳುಹಿಸಿದ ಅದೇ ಚಿತ್ರ ಮತ್ತೊಬ್ಬರ ಮರಣವನ್ನು ನಮ್ಮ ಮನರಂಜನೆಯಾಗಿಸುತ್ತದೆ.

'ನಾನು ಕಳುಹಿಸದಿದ್ದರೆ ಇನ್ನೊಬ್ಬರು ಕಳುಹಿಸುತ್ತಾರೆ' ಎಂಬ ಮಾತು ಕೇಳಿಬರುತ್ತದೆ. ನಿಜ, ಕಳುಹಿಸಬಹುದು. ಆದರೆ ಮನಸ್ಸಾಕ್ಷಿ ನಮ್ಮನ್ನು ಕೇಳುವುದು ಇನ್ನೊಬ್ಬರ ಬೆರಳಿನ ಲೆಕ್ಕವನ್ನಲ್ಲ. ಆ ಬೀಳುವ ವಿಮಾನದಲ್ಲಿ ನನ್ನ ಮಗನಿದ್ದಿದ್ದರೆ ಈ ಚಿತ್ರವನ್ನು ಯಾರ ಕೈಯಲ್ಲಿ ಕಾಣಲು ಬಯಸುತ್ತಿದ್ದೆ ಎಂದು ಒಂದು ಕ್ಷಣ ತಡೆದು ಕೇಳಿಕೊಂಡರೆ ಸಾಕು. ಉತ್ತರ ತಾನಾಗಿಯೇ ದೊರೆಯುತ್ತದೆ.

ಇಂಥ ವಿವೇಕ ಅಪಘಾತದ ಗಳಿಗೆಯಲ್ಲಿ ದಿಢೀರನೆ ಹುಟ್ಟುವಂಥದಲ್ಲ; ಹಬ್ಬದಂಥ ದಿನಗಳಲ್ಲಿಯೇ ಅದನ್ನು ರೂಢಿಸಿಕೊಳ್ಳಬೇಕು. 2019ರ ದುರಂತದ ಬಳಿಕವೂ ಸೂರ್ಯಕಿರಣ ತಂಡ ಅದೇ ಯಲಹಂಕದ ಆಕಾಶಕ್ಕೆ ಮತ್ತೆ ಮರಳಿ ಬಂದಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ತಂದೆತಾಯಂದಿರಲ್ಲಿ ನನ್ನದೊಂದು ವಿನಂತಿ. ಫೋಟೋ ತೆಗೆಯಿರಿ, ಮಕ್ಕಳಿಗೂ ಕಲಿಸಿರಿ. ಆದರೆ ಧ್ವನಿವರ್ಧಕದಲ್ಲಿ ಪೈಲಟರ ಹೆಸರುಗಳನ್ನು ಹೇಳುವಾಗ ಮಾತು ನಿಲ್ಲಿಸಿ ಕಿವಿಗೊಡಿರಿ. ಕೊನೆಯ ಒಂದು ಸುತ್ತನ್ನಾದರೂ ಕ್ಯಾಮೆರಾ ಕೆಳಗಿಟ್ಟು ಬರಿಗಣ್ಣಿನಿಂದ ನೋಡಿರಿ. ಒಂಬತ್ತೂ ವಿಮಾನಗಳು ಕ್ಷೇಮವಾಗಿ ನೆಲ ಮುಟ್ಟಿದ ಮೇಲೆಯೇ ಜಾಗ ಬಿಟ್ಟೇಳಿರಿ. ಮನೆಗೆ ಬಂದು ಆ ಚಿತ್ರಗಳನ್ನು ತೋರಿಸುವಾಗ, ಇದರೊಳಗೆ ಕುಳಿತವರಿಗೂ ನಮ್ಮಂತೆಯೇ ಒಂದು ಮನೆಯಿದೆ, ಅಲ್ಲಿ ಅವರಿಗಾಗಿ ಕಾಯುವವರಿದ್ದಾರೆ ಎಂದು ಮಕ್ಕಳಿಗೆ ತಿಳಿಸಿ ಹೇಳಿರಿ.