ಪಶುವೈದ್ಯ ವಿದ್ಯೆಯೂ ಶ್ರಾವಕನ ಅಹಿಂಸೆಯೂ

ಬಿನ್ನಿಪೇಟೆಯ ಒಂದು ಶ್ರಾವಕ ಕುಟುಂಬದ ಮಗಳಿಗೆ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ಪ್ರವೇಶ ದೊರೆಯಿತು. ಗಾಯಗೊಂಡ ಪಾರಿವಾಳವನ್ನೂ ಕುಂಟುವ ನಾಯಿಮರಿಯನ್ನೂ ಮನೆಗೆ ತಂದು ಆರೈಕೆ ಮಾಡುತ್ತ ಬೆಳೆದ ಹುಡುಗಿ. ಅವಳ ಹರ್ಷಕ್ಕೆ ಮೇರೆಯಿರಲಿಲ್ಲ. ಮನೆಯಲ್ಲಿ ಮಾತ್ರ ಸಿಹಿ ಹಂಚಲಿಲ್ಲ. ಜಿನದರ್ಶನವಾಗದೆ ಬಾಯಿಗೆ ನೀರು ಹಾಕದ ಅಜ್ಜಿ ಒಂದೇ ಮಾತು ಕೇಳಿದರು: "ಪ್ರಾಣಿಯ ಮೈ ಕೊಯ್ಯುವ ಕೈಯಲ್ಲಿ ಗಂಧೋದಕ ಹೇಗೆ ತೆಗೆದುಕೊಳ್ಳುತ್ತೀಯೆ, ಮಗು?"

ಸ್ವಾಧ್ಯಾಯಕ್ಕೆ ಬರುವ ಹುಡುಗಿಯ ತಂದೆ ಈ ಪ್ರಶ್ನೆಯನ್ನು ನನ್ನ ಮುಂದಿಟ್ಟರು. ಆ ದಿನ ನಾನು ಕೊಟ್ಟ ಉತ್ತರ ಎಲ್ಲರೂ ಕೊಡುವಂಥದೇ: ಒಂದು ಪ್ರಾಣಿಯ ದೇಹದಿಂದ ಕಲಿತ ವಿದ್ಯೆ ಮುಂದೆ ಸಾವಿರ ಪ್ರಾಣಿಗಳನ್ನು ಉಳಿಸುತ್ತದೆಯಲ್ಲವೇ ಎಂದೆ. ಮನೆಗೆ ಬಂದು ಪುಸ್ತಕ ತೆರೆದಾಗ ಆ ಉತ್ತರ ತಪ್ಪೆಂದು ತಿಳಿಯಿತು. ತಪ್ಪನ್ನು ಒಪ್ಪಿಕೊಂಡು ಮತ್ತೆ ಯೋಚಿಸಿದ್ದನ್ನು ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇನೆ.

ತಪ್ಪೇಕೆಂದರೆ, ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಾದವನ್ನೇ ಎತ್ತಿಕೊಂಡು ನಿರಾಕರಿಸಿದ್ದಾರೆ. ಒಂದು ಕ್ರೂರ ಜಂತುವನ್ನು ಕೊಂದರೆ ಅನೇಕ ಜೀವಗಳು ಉಳಿಯುತ್ತವೆಂದು ಬಗೆದು ಕೊಲ್ಲುವುದು ಅವರಿಗೆ ಸಮ್ಮತವಲ್ಲ. ನೋವಿನಿಂದ ನರಳುವ ಜೀವಿಯನ್ನು ಕನಿಕರದಿಂದ ಕೊಲ್ಲುವುದನ್ನೂ ಅವರು ಒಪ್ಪುವುದಿಲ್ಲ. ಉಳಿದ ಲೋಕವು ಸಂಖ್ಯೆಯ ಬಲದಿಂದ ಪ್ರಯೋಗಾಲಯವನ್ನು ಸಮರ್ಥಿಸಿಕೊಳ್ಳಬಹುದು. ಜೈನನಿಗೆ ಆ ಬಾಗಿಲು ಮುಚ್ಚಿದೆ. ಸತ್ತ ಒಂದು ಜೀವದ ಲೆಕ್ಕವನ್ನು ಬದುಕಿದ ಸಾವಿರ ಜೀವಗಳ ಲೆಕ್ಕದಲ್ಲಿ ವಜಾ ಮಾಡಲು ಬರುವುದಿಲ್ಲ. ಹೀಗೆ ನೋಡಿದರೆ ಅಜ್ಜಿಯ ಪ್ರಶ್ನೆ ಹಳೆಗಾಲದ ಮಡಿಯ ಪ್ರಶ್ನೆಯಲ್ಲ, ಶಾಸ್ತ್ರದ ಪ್ರಶ್ನೆ.

ಆದರೆ ಆ ಮಹಾವಿದ್ಯಾಲಯ ಏನು ಮಾಡುತ್ತದೆ ಎಂಬುದನ್ನು ತಿಳಿಯದೆ ತೀರ್ಪು ಕೊಡುವುದು ಉಚಿತವಲ್ಲ. ಹೆಬ್ಬಾಳದಲ್ಲಿ ಕೃಷಿ ಪ್ರಯೋಗ ಆರಂಭವಾದದ್ದು 1899ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ದಾನವಾಗಿ ಕೊಟ್ಟ ಮೂವತ್ತು ಎಕರೆ ಭೂಮಿಯಲ್ಲಿ. ಅಲ್ಲಿಯ ಕೃಷಿ ಶಾಲೆ 1946ರಲ್ಲಿ ಕಾಲೇಜಾಯಿತು. 1958ರಲ್ಲಿ ಪಶುವೈದ್ಯಕೀಯ ಕಾಲೇಜು ಬಂದಿತು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 2004ರ ಕಾಯಿದೆಯ ಮೇರೆಗೆ ಬೀದರಿನಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳಿಗೆ ಪ್ರತ್ಯೇಕ ವಿಶ್ವವಿದ್ಯಾಲಯ ರೂಪುಗೊಂಡು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಅದರ ಅಧೀನಕ್ಕೆ ಹೋಯಿತು. ಅಲ್ಲಿ ದನಕರುಗಳ ಚಿಕಿತ್ಸೆಯನ್ನು ಕಲಿಸುತ್ತಾರೆ ನಿಜ. ಅದರ ಜೊತೆಗೆ ಕೋಳಿಸಾಕಣೆಯನ್ನೂ ಮಾಂಸ ಪರೀಕ್ಷೆಯನ್ನೂ ಕಲಿಸುತ್ತಾರೆ. ಮೊದಲ ವರ್ಷದಲ್ಲೇ ಅಂಗರಚನಾಶಾಸ್ತ್ರದ ಮೇಜಿನ ಮುಂದೆ ನಿಲ್ಲಬೇಕು. ಇದನ್ನು ಮುಚ್ಚಿಟ್ಟು "ಅದು ದಯೆಯ ವೃತ್ತಿ" ಎಂದಷ್ಟೇ ಹೇಳಿ ಹುಡುಗಿಯನ್ನು ಕಳುಹಿಸಿದ್ದರೆ ಅಜ್ಜಿಗೆ ಮೋಸ ಮಾಡಿದಂತಾಗುತ್ತಿತ್ತು.

ಸಂಶೋಧನೆಯ ಮಾತಿಗೆ ಬಂದರೆ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ನಮ್ಮ ಅಜ್ಜಂದಿರು 'ದೊಡ್ಡರೋಗ' ಎಂದು ಹೆದರುತ್ತಿದ್ದ ದನಗಳ ಮಹಾಮಾರಿಯನ್ನೇ ತೆಗೆದುಕೊಳ್ಳೋಣ. ಅದು ಹೊಸದಾಗಿ ಹೊಕ್ಕ ಮಂದೆಯಲ್ಲಿ ಹತ್ತಕ್ಕೆ ಎಂಟೋ ಒಂಬತ್ತೋ ರಾಸುಗಳು ವಾರ ಎರಡು ವಾರಗಳಲ್ಲಿ ಸಾಯುತ್ತಿದ್ದುದುಂಟು. ಅದನ್ನು ತಡೆಯಲು ಮೊದಲು ಬಳಸಿದ ಸೀರಂ, ರೋಗನಿರೋಧಕ ಶಕ್ತಿ ಪಡೆದ ಎತ್ತು ಎಮ್ಮೆಗಳಿಗೆ ರೋಗದ ರಕ್ತವನ್ನು ಚುಚ್ಚಿ, ಮತ್ತೆ ಮತ್ತೆ ಅವುಗಳ ರಕ್ತ ತೆಗೆದು ತಯಾರಿಸಿದ್ದು. 1920ರ ದಶಕದಲ್ಲಿ ಮುಕ್ತೇಶ್ವರದ ಸಂಸ್ಥೆಯಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ ವೈರಾಣುವನ್ನು ಮೇಕೆಯಿಂದ ಮೇಕೆಗೆ ಸಾಗಿಸಿ ದುರ್ಬಲಗೊಳಿಸಿದರು. ಆ ಲಸಿಕೆಯ ಪ್ರತಿಯೊಂದು ಕಂತಿಗೂ ಮೇಕೆಗಳ ಗುಲ್ಮ ಬೇಕಾಗುತ್ತಿತ್ತು. 1960ರ ಸುಮಾರಿಗೆ ಕೀನ್ಯದಲ್ಲಿ ಪ್ಲೋರೈಟ್ ಅವರು ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕರುವಿನ ಮೂತ್ರಪಿಂಡದ ಜೀವಕೋಶಗಳಲ್ಲಿ ಲಸಿಕೆ ಸಿದ್ಧಪಡಿಸಿದರು. ಅನಂತರ ವೆರೋ ಎಂಬ ಜೀವಕೋಶಗಳ ಸಂತತಿ ಬಳಕೆಗೆ ಬಂತು. 1962ರಲ್ಲಿ ಜಪಾನಿನಲ್ಲಿ ಒಂದು ಕೋತಿಯ ಮೂತ್ರಪಿಂಡದಿಂದ ತೆಗೆದ ಆ ಕೋಶಗಳು ಇಂದಿಗೂ ವೃದ್ಧಿಯಾಗುತ್ತಲೇ ಇವೆ. ಭಾರತದಲ್ಲಿ ದೊಡ್ಡರೋಗ ಕೊನೆಯದಾಗಿ ಕಾಣಿಸಿದ್ದು 1995ರಲ್ಲಿ. 2011ರಲ್ಲಿ ಅದು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು.

ಈ ಕಥೆಯನ್ನು ಎರಡು ಬಗೆಯಲ್ಲಿ ಓದಬಹುದು. ಕೋಟ್ಯಂತರ ರಾಸುಗಳು ಉಳಿದವು, ಆದ್ದರಿಂದ ಮೇಕೆಗಳು ಸತ್ತದ್ದು ಸರಿ ಎಂಬುದು ಒಂದು ಓದು. ಅದು ನಮಗೆ ನಿಷಿದ್ಧವೆಂದು ಈಗಾಗಲೇ ಹೇಳಿದ್ದೇನೆ. ಇನ್ನೊಂದು ಓದಿನಲ್ಲಿ ಕಣ್ಣಿಗೆ ಬೀಳುವುದು ಬೇರೆಯದೇ ಸಂಗತಿ. ಎಮ್ಮೆಯ ರಕ್ತದಿಂದ ಮೇಕೆಯ ಗುಲ್ಮಕ್ಕೆ, ಅಲ್ಲಿಂದ ಗಾಜಿನ ಪಾತ್ರೆಗೆ ಬಂದ ಪ್ರತಿ ಹೆಜ್ಜೆಯಲ್ಲೂ ಹಿಂಸೆ ಕುಗ್ಗುತ್ತ ಬಂದಿದೆ. ಆದರೆ ಅದು ಕುಗ್ಗಿದ್ದು ಬಹುಮಟ್ಟಿಗೆ ಖರ್ಚು ಕಡಿಮೆಯಾಗಲೆಂದು, ಲಸಿಕೆ ಶುದ್ಧವಾಗಿರಲೆಂದು. ಹಿಂಸೆ ಕಡಿಮೆಯಾಗಲೆಂದೇ ಆ ಪ್ರಶ್ನೆ ಕೇಳಬೇಕಾದವರು ಆ ಕೊಠಡಿಯಲ್ಲಿ ಇರಲಿಲ್ಲ. ನಾವು ಹೊರಗೆ ನಿಂತು ಕೈ ತೊಳೆದುಕೊಂಡಿದ್ದೆವು. (ಗಾಜಿನ ಪಾತ್ರೆಯ ಕೋಶಗಳಿಗೂ ಬಹುಕಾಲ ಕರುವಿನ ಸೀರಂ ಆಹಾರವಾಗಿ ಬೇಕಾಗುತ್ತಿತ್ತು, ಅದಿಲ್ಲದ ಪೋಷಕ ದ್ರವಗಳಿಗಾಗಿ ಈಗ ಕೆಲಸ ನಡೆದಿದೆ. ದಾರಿ ಇನ್ನೂ ಮುಗಿದಿಲ್ಲ.)

ಹೊರಗೆ ನಿಂತಿದ್ದೆವು ಎನ್ನುವುದೂ ಅರ್ಧಸತ್ಯ. ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಿಂದಲೂ ಕರ್ಮಾಸ್ರವವಾಗುತ್ತದೆಂದು ನಾವು ಮಕ್ಕಳಿಗೆ ಪಾಠಶಾಲೆಯಲ್ಲಿ ಕಲಿಸುತ್ತೇವೆ. ಬೆಳಗಿನ ನಂದಿನಿ ಹಾಲಿನ ಹಿಂದೆ ಕೃತಕ ಗರ್ಭಧಾರಣೆಯಿದೆ, ಹೆಸರಘಟ್ಟದಲ್ಲಿ ಡೇನರ ನೆರವಿನಿಂದ ನಡೆದ ತಳಿ ಅಭಿವೃದ್ಧಿಯಂಥ ಕಾರ್ಯಗಳಿವೆ, ಕಾಲುಬಾಯಿ ಜ್ವರದ ಲಸಿಕೆಯಿದೆ. ಆ ಹಾಲಿನಲ್ಲೇ ಕ್ಷೀರಾಭಿಷೇಕವೂ ನಡೆಯುತ್ತದೆ. ನಮ್ಮ ಗೋಶಾಲೆಯಲ್ಲಿ ಹಸು ಈಯಲಾರದೆ ಒದ್ದಾಡಿದಾಗ ನಡುರಾತ್ರಿ ಯಾರನ್ನು ಕರೆಯುತ್ತೇವೆ? ಅಂಗರಚನೆಯ ಮೇಜಿನ ಮುಂದೆ ನಿಂತು ಕಲಿತು ಬಂದ ವೈದ್ಯರನ್ನೇ. ಅನ್ಯರ ಮಗ ಆ ಮೇಜಿನ ಮುಂದೆ ನಿಲ್ಲಬಹುದು, ನಮ್ಮ ಮಗಳು ನಿಲ್ಲಬಾರದು ಎಂದರೆ ಅದು ಅಹಿಂಸೆಯ ಲಕ್ಷಣವೆಂದು ನನಗೆ ತೋರುವುದಿಲ್ಲ. ಬಿನ್ನಿಪೇಟೆಯ ನಾವು ಈ ವಿಷಯದಲ್ಲಿ ಹೆಚ್ಚು ಗರ್ವಪಡುವಂತಿಲ್ಲ. 1884ರಲ್ಲಿ ಹುಟ್ಟಿದ ನಮ್ಮ ಗಿರಣಿಯ ಹೆಸರಿನಲ್ಲೇ ಉಣ್ಣೆ, ಹತ್ತಿ, ರೇಷ್ಮೆ ಮೂರೂ ಇದ್ದವು. ಆ ಗಿರಣಿ ಮುಚ್ಚಿ, ಆ ನೆಲದಲ್ಲಿ ಬಹುಮಹಡಿ ಮನೆಗಳು ಎದ್ದಿವೆ. ಅಂದು ಅದರ ಸಂಬಳದಲ್ಲಿ, ಅದರ ಬಟ್ಟೆಯ ವ್ಯಾಪಾರದಲ್ಲಿ ಬದುಕಿದವರು ರೇಷ್ಮೆಹುಳುವಿನ ಲೆಕ್ಕ ಕೇಳಿದ್ದನ್ನು ನಾನಂತೂ ಅರಿಯೆ. ಪಟ್ಟೆಯುಟ್ಟು ಪೂಜೆಗೆ ನಿಲ್ಲುವ ನಮ್ಮ ಅಭ್ಯಾಸಕ್ಕೆ ಪ್ರತ್ಯೇಕ ಲೇಖನವೇ ಬೇಕು.

ಹಾಗಾದರೆ ಹುಡುಗಿ ಏನು ಮಾಡಬಹುದು, ಏನು ಮಾಡಬಾರದು? ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳಲಿಲ್ಲ. ಪ್ರಮಾದವನ್ನು ಅದರೊಳಗೆ ಸೇರಿಸಿದರು. ಇಡೀ ದಿನ ಬಲೆ ಬೀಸಿಯೂ ಒಂದು ಮೀನನ್ನೂ ಹಿಡಿಯದ ಬೆಸ್ತನಿಗೆ ಪಾಪವುಂಟು, ಉಳುವಾಗ ಅನೇಕ ಜೀವಗಳಿಗೆ ಹಾನಿಯಾದರೂ ರೈತನಿಗೆ ಆ ಪಾಪವಿಲ್ಲ ಎಂಬ ಹಳೆಯ ದೃಷ್ಟಾಂತವೂ ಇದನ್ನೇ ಹೇಳುತ್ತದೆ. ಬಾವು ಕೊಯ್ಯುವ ಶಸ್ತ್ರವೂ ಚರ್ಮವನ್ನು ಸೀಳುತ್ತದೆ. ಅಲ್ಲಿ ಸಂಕಲ್ಪೀ ಹಿಂಸೆಯಿಲ್ಲ. ತಾನಾಗಿ ಸತ್ತ ರಾಸಿನ ದೇಹವನ್ನು ಬಿಡಿಸಿ ನೋಡಿ ಕಲಿಯುವುದರಲ್ಲಿ ಕೊಲ್ಲುವ ಸಂಕಲ್ಪವಿಲ್ಲ, ಅಲ್ಲಿ ಎದುರಾಗುವುದು ಜುಗುಪ್ಸೆ, ಮತ್ತು ಜುಗುಪ್ಸೆಯನ್ನು ಗೆಲ್ಲುವುದು ಸಮ್ಯಕ್ತ್ವದ ಅಂಗಗಳಲ್ಲಿ ಒಂದು. ಆರೋಗ್ಯವಂತ ಪ್ರಾಣಿಯನ್ನು ಕಲಿಕೆಗಾಗಿ ಕೊಲ್ಲುವುದಾದರೆ ಶ್ರಾವಕ ವಿದ್ಯಾರ್ಥಿನಿ ಒಲ್ಲೆನೆನ್ನಬೇಕು. ಹಾಗೆ ಕೇಳಲು ಇಂದು ಕಾನೂನಿನ ಬಲವೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯು, ಬೇರೆ ಸಾಧನಗಳಿಂದ ಕೆಲಸವಾಗುವಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗವನ್ನು ಸಾಧ್ಯವಾದಷ್ಟೂ ತಪ್ಪಿಸಬೇಕೆಂದು ಹೇಳುತ್ತದೆ. ಕಷ್ಟವಿರುವುದು ಬೇರೊಂದು ಕಡೆ. ಗುಣವಾಗದ ನೋವಿನಲ್ಲಿರುವ ಪ್ರಾಣಿಗೆ ಮರಣದ ಚುಚ್ಚುಮದ್ದು ಕೊಡಬೇಕಾದ ಗಳಿಗೆ ಅವಳ ವೃತ್ತಿಯಲ್ಲಿ ಬಂದೇ ಬರುತ್ತದೆ. ಆಚಾರ್ಯರ ಮಾತು ಸ್ಪಷ್ಟವಾಗಿದೆ, ಪ್ರಾಣಿಯ ನರಳಾಟವೂ ಸ್ಪಷ್ಟವಾಗಿದೆ. ನೋವು ಶಮನಗೊಳಿಸಿ ಕೊನೆಯವರೆಗೆ ಜೊತೆಗಿರು ಎಂದು ನಾನು ಅವಳಿಗೆ ಹೇಳಿದೆ. ಮನೆಯಲ್ಲಿ ಕುಳಿತು ಹಾಗೆ ಹೇಳುವುದು ಸುಲಭವೆಂಬುದು ನನಗೆ ಗೊತ್ತು.

ನೋವು ಶಮನದ ಮಾತು ಬಂದುದರಿಂದ ಒಂದು ಘಟನೆಯನ್ನು ನೆನೆಯಬೇಕು. ದನಗಳ ನೋವಿಗೆ ಡೈಕ್ಲೊಫೆನಾಕ್ ಎಂಬ ಅಗ್ಗದ ಔಷಧ 1990ರ ದಶಕದಲ್ಲಿ ದೇಶದಾದ್ಯಂತ ಬಳಕೆಗೆ ಬಂತು. ಕೊಟ್ಟವರು ಕರುಣೆಯಿಂದಲೇ ಕೊಟ್ಟರು. ಆ ಔಷಧ ಮೈಯಲ್ಲಿರುವಾಗಲೇ ಸತ್ತ ದನವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಮೂರು ಜಾತಿಯ ರಣಹದ್ದುಗಳಲ್ಲಿ ಶೇಕಡಾ 95ಕ್ಕೂ ಹೆಚ್ಚು ನಾಶವಾದವು. ಕಾರಣ ಪತ್ತೆಯಾದದ್ದು 2004ರಲ್ಲಿ. 2006ರಲ್ಲಿ ಭಾರತ ಸರ್ಕಾರ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು, ಮೆಲೊಕ್ಸಿಕಾಮ್ ಎಂಬುದು ಹದ್ದುಗಳಿಗೆ ಅಪಾಯವಿಲ್ಲದ ಬದಲಿಯೆಂದು ತಿಳಿಯಿತು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಕೆಲವೇ ಹದ್ದುಗಳಿಗಾಗಿ 2012ರಲ್ಲಿ ಅಭಯಧಾಮ ಮಾಡಬೇಕಾಯಿತು. ದೇಶದ ಯಾವ ಗೋಶಾಲೆಯ ಕರುಣೆಯಿಂದ ಎಷ್ಟು ಹದ್ದುಗಳು ಸತ್ತವೋ ಲೆಕ್ಕವಿಟ್ಟವರಿಲ್ಲ. ಆ ಲೆಕ್ಕವನ್ನು ಹುಡುಕಿ ತೆಗೆದದ್ದು ಸತ್ತ ಹಕ್ಕಿಗಳ ದೇಹವನ್ನು ಬಿಡಿಸಿ ನೋಡಿದ ವಿದ್ಯೆ.

ಇಂಥ ವಿದ್ಯೆ ಜೈನರಿಗೆ ಹೊರಗಿನದೂ ಅಲ್ಲ. ಆದಿಪುರಾಣದ ಪ್ರಕಾರ ಅಸಿ, ಮಸಿಗಳ ಜೊತೆಯಲ್ಲಿ ಕೃಷಿಯನ್ನು ಲೋಕಕ್ಕೆ ಕಲಿಸಿದವನು ಸ್ವಯಂ ವೃಷಭದೇವ. 12ನೆಯ ಶತಮಾನದ ಆದಿಭಾಗದಲ್ಲಿ ಚಾಲುಕ್ಯ ರಾಜಮನೆತನದ ಜೈನನಾದ ಕೀರ್ತಿವರ್ಮ ಕನ್ನಡದಲ್ಲಿ ಗೋವೈದ್ಯವನ್ನು ಬರೆದ. ಮದ್ದೂ ಮಂತ್ರವೂ ಬೆರೆತ ಗ್ರಂಥವಾದರೂ ರಾಜಕುಮಾರನೊಬ್ಬ ಹಸುವಿನ ರೋಗಕ್ಕೆ ಲೇಖನಿ ಹಿಡಿದನೆಂಬುದು ಸಣ್ಣ ಮಾತಲ್ಲ. ಅದಕ್ಕಿಂತ ಮುಖ್ಯವಾದದ್ದು ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ. ಮದ್ಯ, ಮಾಂಸ, ಮಧುಗಳಿಲ್ಲದೆ ವೈದ್ಯವಿಲ್ಲವೆಂದು ಇತರರು ನಂಬಿದ್ದ ಕಾಲದಲ್ಲಿ ಅವನ್ನು ಬಿಟ್ಟೇ ಚಿಕಿತ್ಸೆ ಸಾಧ್ಯವೆಂದು ಅವರು ತೋರಿಸಿದರು. ಜಗದ್ದಳ ಸೋಮನಾಥ ಆ ಪಥವನ್ನೇ ಕನ್ನಡಕ್ಕೆ ತಂದ. ವೈದ್ಯದಲ್ಲಿ ಮಾಂಸವಿದೆಯೆಂದು ಅವರು ವೈದ್ಯವನ್ನು ತ್ಯಜಿಸಲಿಲ್ಲ; ವ್ರತವನ್ನು ಒಳಗೆ ಕೊಂಡೊಯ್ದರು, ವ್ರತದ ಇಕ್ಕಟ್ಟಿನಿಂದಲೇ ಹೊಸ ಔಷಧಗಳನ್ನು ಹುಡುಕಿದರು.

ಕೃಷಿಯ ಕಡೆಯೂ ಇಂಥ ಕೆಲಸವಿದೆ. 2008ರ ಸುಮಾರಿಗೆ ಪರದೇಶದ ಹಿಟ್ಟುತಿಗಣೆಯೊಂದು ಪಪ್ಪಾಯಿ, ಹಿಪ್ಪುನೇರಳೆ ಬೆಳೆಗಳನ್ನು ಮುತ್ತಿತು. 2010ರಲ್ಲಿ ಬೆಂಗಳೂರಿನ ಕೇಂದ್ರ ಕೀಟಸಂಸ್ಥೆಯವರು ಪೋರ್ಟೊ ರಿಕೊದಿಂದ ಅದರ ಸಹಜ ವೈರಿಯಾದ ಸಣ್ಣ ಕಣಜವನ್ನು ತರಿಸಿ ಬಿಟ್ಟರು; ವಿಷ ಸಿಂಪಡಿಸುವ ಅಗತ್ಯ ಬಹುಪಾಲು ತಪ್ಪಿತು. ಕೀಟವನ್ನು ಕೀಟದಿಂದ ಕೊಲ್ಲಿಸಿದ್ದು ಕಾರಿತ ಹಿಂಸೆಯಲ್ಲವೇ ಎಂದು ನಮ್ಮ ಸ್ವಾಧ್ಯಾಯದಲ್ಲಿ ಒಬ್ಬರು ಕೇಳಿದರು. ಹೌದು. ಆದರೆ ಜೇನು, ಎರೆಹುಳು, ಹಕ್ಕಿ ಎನ್ನದೆ ಎಲ್ಲವನ್ನೂ ಕೊಲ್ಲುವ ವಿಷಕ್ಕೂ ಇದಕ್ಕೂ ಅಂತರವಿಲ್ಲವೆನ್ನಲು ನನ್ನ ಮನಸ್ಸು ಒಪ್ಪದು.

ಈಗ ದೇವಾಲಯ ಟ್ರಸ್ಟುಗಳ ಹಿರಿಯರಿಗೆ ಒಂದು ಮಾತು. ನಮ್ಮ ಗೋಶಾಲೆಗಳಲ್ಲಿ ವಯಸ್ಸಾಗಿ ಸಾಯುವ ರಾಸುಗಳ ದೇಹವನ್ನು ಸಮೀಪದ ಪಶುವೈದ್ಯಕೀಯ ಕಾಲೇಜಿಗೆ ಪಾಠಕ್ಕಾಗಿ ಕೊಡಬಾರದೇಕೆ? ಸಹಜವಾಗಿ ಸತ್ತ ದೇಹ ದೊರೆತಷ್ಟೂ, ಪಾಠಕ್ಕೆಂದೇ ಪ್ರಾಣಿಯನ್ನು ಕೊಳ್ಳುವ ಅಗತ್ಯ ಅಷ್ಟರಮಟ್ಟಿಗೆ ತಪ್ಪುತ್ತದೆ. ನೆರಡಿಯಂಥ ಸೋಂಕಿನಿಂದ ಸತ್ತದ್ದನ್ನು ಬಿಡಿಸಲೇಬಾರದು, ದೇಹ ಕೆಡುವ ಮೊದಲೇ ತಲುಪಬೇಕು. ಈ ಎಚ್ಚರಿಕೆಗಳನ್ನು ಪಾಲಿಸುವುದು ಕಷ್ಟವಲ್ಲ. ನಾನು ಕೆಲಸ ಮಾಡುವ ಒಂದು ಗೋಶಾಲೆಯ ಸಭೆಯಲ್ಲಿ ಇದನ್ನು ಮಂಡಿಸಿದೆ. ತಾಯಿಯೆಂದು ಸಾಕಿದ ಹಸುವನ್ನು ಕೊಯ್ಯಲು ಕೊಡುವುದೇ ಎಂದು ಒಬ್ಬ ಹಿರಿಯರು ಕಣ್ಣಲ್ಲಿ ನೀರು ತಂದುಕೊಂಡರು. ಈಗ ಸತ್ತ ಹಸು ಎಲ್ಲಿಗೆ ಹೋಗುತ್ತದೆಯೆಂದು ಮತ್ತೊಬ್ಬರು ಕೇಳಿದಾಗ ಲೆಕ್ಕಿಗರು ವಹಿ ತೆರೆದು, ಚರ್ಮದ ಗುತ್ತಿಗೆದಾರನಿಂದ ಬಂದ ಹಣದ ಬಾಬ್ತನ್ನು ಓದಿದರು. ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು. ನಿರ್ಣಯವಾಗದೆ ವಿಷಯ ಮುಂದಿನ ಸಭೆಗೆ ಹೋಗಿದೆ.

ಅಜ್ಜಿಯೂ ಇನ್ನೂ ಒಪ್ಪಿಲ್ಲ. ಆದರೆ ತವರಿನಿಂದ ಎಮ್ಮೆಗೆ ಕೆಚ್ಚಲು ಬಾವು ಬಂದಿದೆಯೆಂದು ಫೋನು ಬಂದ ದಿನ, ಅದಕ್ಕೇನು ಮಾಡಬೇಕೆಂದು ಮೊಮ್ಮಗಳನ್ನೇ ಕೇಳಿದರಂತೆ.